ಸಾಮಾನು ಸಾಗಿಸುವವರ ನೋಂದಣಿ ಸಂಖ್ಯೆ ಗೇಟಿನಲ್ಲೇ ಕೇಳಲಿ

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ರಜೆ ಬರುವ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮುಂದೆ ಮನೆ ಸಾಮಾನು ತುಂಬಿಕೊಳ್ಳುವ ಲಾರಿಗಳು ಹೆಚ್ಚಾಗುತ್ತವೆ. ಪ್ಯಾಕರ್ಸ್ ಅಂಡ್ ಮೂವರ್ಸ್ ಎಂಬ ಈ ವ್ಯವಹಾರದಲ್ಲಿ ಒಪ್ಪಿಕೊಂಡ ದರಕ್ಕೂ ಕೊನೆಗೆ ತೆರುವ ಹಣಕ್ಕೂ ತಾಳೆಯಾಗದೆ ನರಳುವವರಿಗಾಗಿ ಅಪಾರ್ಟ್‌ಮೆಂಟ್ ಸಂಘಗಳು ಮಾಡಬಹುದಾದ ಒಂದು ಕೆಲಸವನ್ನು ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕಟ್ಟಡದಿಂದ ಪುಣೆಗೆ ಹೋದ ಕುಟುಂಬವೊಂದರ ಸಾಮಾನು ಕಟ್ಟುವಾಗ ನಾನೂ ಜತೆಗಿದ್ದೆ. ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ಮನೆ ನೋಡಿ ದರ ಹೇಳಿದವರು ಒಬ್ಬರು, ಬಂದು ಕಟ್ಟಿದವರು ಇನ್ನೊಬ್ಬರು, ಊರ ಹೊರಗಿನ ಗೋದಾಮಿನಲ್ಲಿ ಬೇರೆ ಲಾರಿಗೇರಿಸಿ ಒಯ್ದವರು ಮತ್ತೊಬ್ಬರು. ಹೋದ ವರ್ಷ ಕೊಂಡ ಫ್ರಿಜ್‌ನಿಂದ ಹಿಡಿದು ಅಜ್ಜಿಯ ಕಾಲದ ಬೀಟೆ ಮಂಚದವರೆಗೆ, ಪ್ಯಾಕಿಂಗ್ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆಯೂ ‘ಹಳೆಯದು, ಗೀರುಗಳಿವೆ’ ಎಂದು ಬರೆದು ಮನೆಯವರ ಸಹಿ ಹಾಕಿಸಿಕೊಂಡರು. ದಾರಿಯಲ್ಲಿ ಏನೇ ಮುರಿದರೂ ಮೊದಲೇ ಹಾಗಿತ್ತು ಎನ್ನಲು ಅಷ್ಟು ಸಾಕು. ಪುಣೆ ಮುಟ್ಟಿದ ಮೇಲೆ ಮಹಡಿಗೆ ಇಷ್ಟು, ಟೋಲ್ ಬೇರೆ, ಜಿಎಸ್‌ಟಿ ಬೇರೆ ಎಂಬ ಹೊಸ ಲೆಕ್ಕ ಶುರುವಾಯಿತಂತೆ. ಹಣ ಕೈಗೆ ಬರುವವರೆಗೆ ಲಾರಿಯ ಬಾಗಿಲು ತೆರೆಯಲಿಲ್ಲವಂತೆ. ಕೈಗೂಸು ಇಟ್ಟುಕೊಂಡು ಖಾಲಿ ಮನೆಯಲ್ಲಿ ನಿಂತವರು ಆ ಹೊತ್ತಿನಲ್ಲಿ ಕಾನೂನು ಮಾತಾಡಲು ಆದೀತೇ? ಹೊರೆ ಹೊತ್ತ ಹುಡುಗರನ್ನು ನಾನು ದೂರುವುದಿಲ್ಲ. ಒಪ್ಪಂದದ ಮೊತ್ತ ಎಷ್ಟೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. ಎಲ್ಲರ ಸರಕನ್ನೂ ಬಾಡಿಗೆಗೆ ರಸ್ತೆಯ ಮೂಲಕ ಸಾಗಿಸುವ ವ್ಯವಹಾರ ನಡೆಸುವವರು ಸಾರಿಗೆ ಪ್ರಾಧಿಕಾರದಿಂದ ನೋಂದಣಿ ಪ್ರಮಾಣಪತ್ರ ಪಡೆದಿರಬೇಕು, ಸರಕಿನ ರಸೀದಿ ಕೊಡಬೇಕು ಎಂದು 2007ರ ರಸ್ತೆ ಸರಕು ಸಾಗಣೆ ಕಾಯ್ದೆ ಹೇಳುತ್ತದೆ. ಆದರೆ ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ ಗರಿಷ್ಠ ದಂಡ 5,000 ರೂಪಾಯಿ ಮಾತ್ರ. ಇದು ಯಾರನ್ನೂ ಹೆದರಿಸುವ ಮೊತ್ತವಲ್ಲ. ಹೆಚ್ಚಿನ ದರ ತೆತ್ತು ಸಾಮಾನಿನ ಪೂರ್ತಿ ಹೊಣೆಯನ್ನು ಬರೆಸಿಕೊಳ್ಳದಿದ್ದರೆ, ನಷ್ಟವಾದಾಗ ಸಾಗಣೆದಾರರ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ಗ್ರಾಹಕರು ಘೋಷಿಸಿದ ಮೌಲ್ಯವನ್ನು ಮೀರುವಂತಿಲ್ಲ. ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದವರು ಆಮೇಲೆ ದಾವೆ ಹೂಡುವಂತೆಯೂ ಇಲ್ಲ. ಫೋನಿನಲ್ಲಿ ಜಗಳವಾಡಿ ತಿಂಗಳುಗಟ್ಟಲೆ ಕಳೆಯುವವರು ಇದನ್ನು ಗಮನಿಸಬೇಕು. ‘ವಿಮೆ’ ಎಂದು ಹೇಳಿ ಸಾಮಾನಿನ ಮೌಲ್ಯದ ಮೇಲೆ ಶೇಕಡಾವಾರು ಹಣ ಪಡೆಯುವ ಪದ್ಧತಿಯಂತೂ ಎಲ್ಲೆಡೆ ಇದೆ. ವಿಮಾ ಕಂಪನಿಯ ಹೆಸರು ಮತ್ತು ಪಾಲಿಸಿ ಸಂಖ್ಯೆ ಇಲ್ಲದ ಚೀಟಿಗೆ ಕವಡೆ ಕಿಮ್ಮತ್ತೂ ಇಲ್ಲ.

ನೊಂದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಾವು ಈಗ ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಆದ್ದರಿಂದ ಪುಣೆಗೆ ಹೋದವರು ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಆದರೆ ಯಾರ ವಿರುದ್ಧ ದೂರುವುದು? ಕೈಯಲ್ಲಿರುವುದು ಒಂದು ಮೊಬೈಲ್ ನಂಬರ್, ಹೆಸರುವಾಸಿ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿದಂತಿರುವ ಬಿಲ್ಲು, ಇಷ್ಟೇ.

ಇಲ್ಲಿಯೇ ಸಂಘಗಳು ನೆರವಿಗೆ ಬರಬಹುದು. ಮನೆ ಖಾಲಿ ಮಾಡುವವರಿಂದ ಎನ್‌ಒಸಿ ಕೇಳುವುದು, ಲಿಫ್ಟ್ ಬಳಕೆಗೆ ಶುಲ್ಕ ಪಡೆಯುವುದು, ಭಾನುವಾರ ಲಾರಿ ಬಿಡದಿರುವುದು, ಇವೆಲ್ಲ ಎಷ್ಟೋ ಕಡೆ ಈಗಾಗಲೇ ಇವೆ. ಲಿಫ್ಟಿನ ಗೋಡೆಗೆ ಗೀರು ಬೀಳದಂತೆ ಇಷ್ಟು ಕಾಳಜಿ ವಹಿಸುವ ನಾವು, ಗೇಟಿನ ಪುಸ್ತಕದಲ್ಲಿ ಲಾರಿಯ ನಂಬರಿನ ಪಕ್ಕ ಸಂಸ್ಥೆಯ ನೋಂದಣಿ ಸಂಖ್ಯೆ ಮತ್ತು ಸರಕಿನ ರಸೀದಿ ಸಂಖ್ಯೆಯನ್ನೂ ಬರೆಸಿ, ನೋಂದಣಿ ಸಂಖ್ಯೆ ಇಲ್ಲದ ಲಾರಿಯನ್ನು ಒಳಗೆ, ಸಾಮಾನು ತುಂಬಿದ ಮೇಲೆ ರಸೀದಿ ಇಲ್ಲದ ಲಾರಿಯನ್ನು ಹೊರಗೆ ಬಿಡುವುದಿಲ್ಲವೆಂದು ನಿಯಮ ಮಾಡಬಹುದು. ಸಾರಿಗೆ ಇಲಾಖೆಯು ನೋಂದಾಯಿತ ಸಾಗಣೆದಾರರ ಪಟ್ಟಿಯನ್ನು ಕಾವಲುಗಾರರೂ ಮೊಬೈಲಿನಲ್ಲಿ ನೋಡಿ ತಾಳೆ ಹಾಕುವಷ್ಟು ಸರಳವಾಗಿ ಕನ್ನಡದಲ್ಲಿ ಒದಗಿಸಿದರೆ ಈ ಕೆಲಸ ಹಗುರವಾಗುತ್ತದೆ.

ನಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಸಲಹೆಯನ್ನು ಮಂಡಿಸಲಿದ್ದೇನೆ. ಬೇರೆ ಬಡಾವಣೆಗಳ ಸಂಘಗಳಲ್ಲಿ ಇಂಥ ನಿಯಮ ಈಗಾಗಲೇ ಜಾರಿಯಲ್ಲಿದ್ದರೆ, ಅದು ಹೇಗೆ ನಡೆಯುತ್ತಿದೆ ಎಂಬುದನ್ನು ಅಲ್ಲಿನ ನಿವಾಸಿಗಳು ತಮ್ಮ ಪತ್ರಿಕೆಯ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ಅಪಾರ್ಟ್‌ಮೆಂಟ್ ನಿವಾಸಿ, ಬನಶಂಕರಿ, ಬೆಂಗಳೂರು