ಅಮೆರಿಕದ ಕಳಪೆ ಅಧ್ಯಕ್ಷರ ಪಟ್ಟಿ: ಅಂಕ ಹಾಕುವ ಮುನ್ನ ಓದಿ

ಸದಸ್ಯರೇ, ಹೆಸರು ಬರೆದು ‘ಇವನೇ ಕಳಪೆ’ ಅಂದರೆ ಚರ್ಚೆ ಆಗಲ್ಲ, ಜಗಳ ಆಗುತ್ತೆ. ಮೊದಲು ಅಳತೆಗೋಲು ಗೊತ್ತುಮಾಡಿಕೊಳ್ಳಿ. ಅಮೆರಿಕದ ಟಿವಿ ವಾಹಿನಿ ಸಿ-ಸ್ಪ್ಯಾನ್ ಇತಿಹಾಸಕಾರರಿಂದ ಅಧ್ಯಕ್ಷರಿಗೆ ಅಂಕ ಹಾಕಿಸುವ ಸಮೀಕ್ಷೆಯಲ್ಲಿ 10 ಮಾನದಂಡಗಳಿವೆ, ಎಲ್ಲಕ್ಕೂ ಸಮಾನ ತೂಕ. ನಮಗೆ ನಾಲ್ಕು ಸಾಕು: ಬಿಕ್ಕಟ್ಟು ನಿಭಾಯಿಸಿದ್ದು, ಆಡಳಿತ, ಸಮಾನ ನ್ಯಾಯ, ನೈತಿಕತೆ. ಪ್ರತಿಯೊಂದಕ್ಕೂ 1ರಿಂದ 10 ಅಂಕ.

1841ರಲ್ಲಿ ಅಧ್ಯಕ್ಷರಾದ 31 ದಿನಕ್ಕೇ ತೀರಿಕೊಂಡ ವಿಲಿಯಂ ಹೆನ್ರಿ ಹ್ಯಾರಿಸನ್‌ರನ್ನು ಬಿಟ್ಟುಬಿಡಿ. ಕೆಲಸವೇ ಮಾಡದವರಿಗೆ ಸೊನ್ನೆ ಕೊಡುವುದು ಅನ್ಯಾಯ.

ಅಂತರ್ಯುದ್ಧಕ್ಕೆ ಮುನ್ನ, ಲಿಂಕನ್‌ಗಿಂತ ಹಿಂದೆ ಅಧ್ಯಕ್ಷರಾಗಿದ್ದ ಜೇಮ್ಸ್ ಬುಕ್ಯಾನನ್ ಕಳಪೆ ಎನ್ನುವುದಕ್ಕೆ ಹೆಚ್ಚು ತಕರಾರಿಲ್ಲ. ರಾಜ್ಯಗಳಿಗೆ ಒಕ್ಕೂಟ ಬಿಡುವ ಹಕ್ಕಿಲ್ಲ, ಆದರೆ ತಡೆಯುವ ಅಧಿಕಾರ ನನಗೂ ಇಲ್ಲ ಎಂದು 1860ರ ಡಿಸೆಂಬರಿನಲ್ಲಿ ಕೈಚೆಲ್ಲಿದವರು. ಅವರು ಇಳಿಯುವ ಹೊತ್ತಿಗೆ 7 ರಾಜ್ಯಗಳು ಹೊರನಡೆದಿದ್ದವು. ನಿಜವಾದ ವಾದ ಲಿಂಕನ್ ನಂತರ ಬಂದ ಆಂಡ್ರ್ಯೂ ಜಾನ್ಸನ್ ಮೇಲೆ. ಬಿಡುಗಡೆಯಾದ ಗುಲಾಮರಿಗೆ ಪೌರತ್ವ ಕೊಡುವ 1866ರ ನಾಗರಿಕ ಹಕ್ಕು ಮಸೂದೆಗೆ ವೀಟೊ ಹಾಕಿದರು, 1868ರ ಮಹಾಭಿಯೋಗದಲ್ಲಿ ಒಂದೇ ಮತದಿಂದ ಉಳಿದರು. ಆದರೂ 1948ರ ಇತಿಹಾಸಕಾರರ ಸಮೀಕ್ಷೆ ಅವರನ್ನು ಸಾಧಾರಣರ ಸಾಲಿನಲ್ಲಿ ಕೂರಿಸಿತ್ತು! ಸಮಾನ ನ್ಯಾಯಕ್ಕೆ ತೂಕ ಬಂದ ಮೇಲೆ ಅವರು ಕುಸಿದರು. ಅದೇ ಕಾರಣಕ್ಕೆ, ಕಪ್ಪುಜನರ ಮೇಲೆ ಹಿಂಸೆ ನಡೆಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪನ್ನು ಹತ್ತಿಕ್ಕಿದ, ಜಾನ್ಸನ್ ನಂತರದ ಅಧ್ಯಕ್ಷ ಗ್ರಾಂಟ್ ಸಿ-ಸ್ಪ್ಯಾನ್ ಪಟ್ಟಿಯಲ್ಲಿ 2000ದಲ್ಲಿದ್ದ 33ನೇ ಸ್ಥಾನದಿಂದ 2021ರಲ್ಲಿ 20ಕ್ಕೇರಿದರು.

1921ರಲ್ಲಿ ಅಧ್ಯಕ್ಷರಾದ ಹಾರ್ಡಿಂಗ್‌ಗೆ ಅಂಕ ಹಾಕುವಾಗ ಟೀಪಾಟ್ ಡೋಮ್ ಲಂಚವನ್ನು (ಅವರ ಸಚಿವರೊಬ್ಬರು ಲಂಚ ಪಡೆದು ಸರ್ಕಾರಿ ತೈಲಭೂಮಿ ಗುತ್ತಿಗೆ ಕೊಟ್ಟ ಹಗರಣ) ಆಡಳಿತ, ನೈತಿಕತೆ ಎರಡರಲ್ಲೂ ಕಳೆಯಬೇಡಿ. ಒಂದೇ ತಪ್ಪಿಗೆ ಎರಡು ಏಟು ಬೀಳುತ್ತೆ. ಇತ್ತೀಚಿನವರ ಪಟ್ಟಿ ಬೇರೆಯೇ ಇರಲಿ, ಅವರ ಕಡತಗಳು ಇನ್ನೂ ಪೂರ್ತಿ ತೆರೆದಿಲ್ಲ.