ಧರ್ಮಗುರುಗಳ ಓದಿಗೂ ಬಿಡುವಿಗೂ ನೆರವಾದ ನಿಮಗೆಲ್ಲ ವಂದನೆಗಳು

ಪ್ರೀತಿಯ ಬಂಧುಗಳೇ,

ಉತ್ತರ ಕನ್ನಡದ ಕರಾವಳಿಯ ಮತ್ತು ಘಟ್ಟದ ಮೇಲಿನ ಕೆಲವು ಕಥೋಲಿಕ ಧರ್ಮಕೇಂದ್ರಗಳು (ಪ್ಯಾರಿಷ್‌ಗಳು) ಕೂಡಿ ಕಟ್ಟಿದ ಗುರುಗಳ ಅಧ್ಯಯನ ನಿಧಿಯ ಮೊದಲ ಸುತ್ತು ಪೂರ್ತಿಯಾಗಿದೆ. ಓದಲು ಹೋದವರು ಓದು ಮುಗಿಸಿ ಬಂದಿದ್ದಾರೆ. ದೀರ್ಘ ವಿರಾಮಕ್ಕೆ ಹೋದವರು ಮತ್ತೆ ಸೇವೆಗೆ ಸೇರಿದ್ದಾರೆ. ಯಾರ ಶುಲ್ಕವೂ ಬಾಕಿ ಉಳಿದಿಲ್ಲ, ನಿಧಿಯ ಮೇಲೆ ಸಾಲವೂ ಇಲ್ಲ. ಇದು ನಿಮ್ಮಿಂದ ಆದದ್ದು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಎನ್ನುತ್ತದೆ ಧರ್ಮಸಭೆಯ ಕಾನೂನು ಸಂಹಿತೆಯ 1287ನೇ ವಿಧಿ. ರೂಪಾಯಿಯ ಲೆಕ್ಕ ಎಲ್ಲ ಧರ್ಮಕೇಂದ್ರಗಳ ಸೂಚನಾ ಫಲಕದಲ್ಲಿದೆ. ಯಾರು ಯಾವ ಭಾರ ಹೊತ್ತರು, ಅದರಿಂದ ಏನು ಸಾಧ್ಯವಾಯಿತು ಎಂಬ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಮೊದಲ ವಂದನೆ, ಫಲ ತಮ್ಮ ಊರಿಗೆ ಬರಲಾರದು ಎಂದು ಗೊತ್ತಿದ್ದೂ ಕೊಟ್ಟವರಿಗೆ. ಇಂಥ ನಿಧಿಗಳು ಎಲ್ಲೆಡೆ ಸೋಲುವುದು ಬಹುಪಾಲು ಇದೇ ಜಾಗದಲ್ಲಿ. ಒಂದು ಧರ್ಮಕೇಂದ್ರದವರು ತಮ್ಮ ಫಾದರ್ ಓದಲೆಂದು ಹಣ ಕೂಡಿಸುತ್ತಾರೆ. ಓದು ಮುಗಿಯುವ ಹೊತ್ತಿಗೆ ಅವರಿಗೆ ವರ್ಗವಾಗುತ್ತದೆ. ಕೊಟ್ಟವರಿಗೆ ಕೈತಪ್ಪಿದ ಭಾವನೆ. ಮುಂದಿನ ಸಲ ಡಬ್ಬಿಗೆ ಏನೂ ಬೀಳುವುದಿಲ್ಲ. ಗುರುವಿನ ನೇಮಕ ಧರ್ಮಾಧ್ಯಕ್ಷರ (ಬಿಷಪರ) ಕೈಯಲ್ಲಿದೆ, ಅದು ಹಾಗೆಯೇ ಇರಬೇಕು. ಆದ್ದರಿಂದ ಹಣ ವ್ಯಕ್ತಿಯ ಹೆಸರಿನಲ್ಲಿ ಸೇರದೆ ಉದ್ದೇಶದ ಹೆಸರಿನಲ್ಲಿ ಸೇರಬೇಕು, ಹಲವು ಧರ್ಮಕೇಂದ್ರಗಳು ಕೂಡಿ ಸೇರಿಸಬೇಕು. ಹೊನ್ನಾವರದವರು ಕೊಟ್ಟದ್ದು ಹಳಿಯಾಳಕ್ಕೆ, ಶಿರಸಿಯವರು ಕೊಟ್ಟದ್ದು ಅಂಕೋಲಾಕ್ಕೆ ಆಗಿಬರಲಿ ಎಂಬ ಒಪ್ಪಿಗೆ ಮೊದಲೇ ಇದ್ದುದರಿಂದಲೇ ಈ ಸುತ್ತು ನಿಂತಿತು. ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಅದೇ ಉದ್ದೇಶಕ್ಕೆ ಬಳಸಬೇಕು ಎಂದು 1267ನೇ ವಿಧಿಯ ಮೂರನೇ ಉಪವಿಧಿ ಕಟ್ಟಪ್ಪಣೆ ಮಾಡುತ್ತದೆ. ಅದಕ್ಕೇ ಈ ಹಣ ಇಗರ್ಜಿಯ ಮಾಡಿನ ದುರಸ್ತಿಗೂ ಹೋಗಲಿಲ್ಲ, ಹಬ್ಬದ ಖರ್ಚಿಗೂ ಹೋಗಲಿಲ್ಲ. ಪ್ರತ್ಯೇಕ ಖಾತೆ, ಪ್ರತ್ಯೇಕ ರಸೀದಿ ಪುಸ್ತಕ, ಇಬ್ಬರ ಸಹಿ. ಹೀಗಿಡಲು ಹಟ ಹಿಡಿದ ನಮ್ಮ ಲೆಕ್ಕಿಗರಿಗೆ ನಾವು ಋಣಿಗಳು.

ಗುರುಗಳಿಗೆ ರಜೆಯೇ ಇದೆಯಲ್ಲ, ಮತ್ತೆ ವಿರಾಮವೇಕೆ ಎಂದು ಕೇಳಿದವರೂ ಇದ್ದರು. ಕೇಳಿದ್ದು ಒಳ್ಳೆಯದೇ ಆಯಿತು, ಉತ್ತರ ಕೊಡುತ್ತ ನಮಗೂ ವಿಷಯ ಸ್ಪಷ್ಟವಾಯಿತು. 533ನೇ ವಿಧಿಯಂತೆ ವಿಚಾರಣಾ ಗುರುವಿಗೆ, ಅಂದರೆ ಧರ್ಮಕೇಂದ್ರದ ಹೊಣೆ ಹೊತ್ತ ಗುರುವಿಗೆ, ವರ್ಷಕ್ಕೆ ಹೆಚ್ಚೆಂದರೆ ಒಂದು ತಿಂಗಳ ರಜೆ ಇದೆ, ಒಟ್ಟಿಗಾದರೂ ಸರಿ ಬಿಡಿಬಿಡಿಯಾಗಿಯಾದರೂ ಸರಿ. ವಾರ್ಷಿಕ ಧ್ಯಾನಕೂಟದ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಒಂದು ವಾರಕ್ಕಿಂತ ಹೆಚ್ಚು ಊರು ಬಿಡುವುದಾದರೆ ಮೇಲಿನವರಿಗೆ ತಿಳಿಸಬೇಕು. ಈ ರಜೆ ಮನೆಯವರನ್ನು ಕಾಣಲು, ಆರೋಗ್ಯ ನೋಡಿಕೊಳ್ಳಲು. ದೀರ್ಘ ವಿರಾಮ ಬೇರೆ. ಸಂಹಿತೆಯಲ್ಲಿ ಅದಕ್ಕೆಂದೇ ವಿಧಿ ಇಲ್ಲ. ಧರ್ಮಾಧ್ಯಕ್ಷರ ಅನುಮತಿಯಿಂದ, ಬರಹದಲ್ಲಿ, ಅವಧಿ ಗೊತ್ತುಮಾಡಿಕೊಂಡು ನಡೆಯುವ ವ್ಯವಸ್ಥೆ ಅದು. ಓದು ಮೂರನೆಯದು. 279ನೇ ವಿಧಿ ಗುರುದೀಕ್ಷೆಯ ನಂತರವೂ ಅಧ್ಯಯನ ಮುಂದುವರಿಸಿ ಎಂದು ಹೇಳುತ್ತದೆ, ಅಷ್ಟಕ್ಕೇ ನಿಲ್ಲದೆ ಸೇವೆಗೆ ಉಪಯೋಗವಾಗುವ ಇತರ ಶಾಸ್ತ್ರಗಳನ್ನೂ ಕಲಿಯಿರಿ ಎನ್ನುತ್ತದೆ. ಆಪ್ತಸಮಾಲೋಚನೆ, ಕಾನೂನು, ಲೆಕ್ಕಪತ್ರದ ತರಬೇತಿಗೆ ನಿಧಿಯಿಂದ ಹಣ ಕೊಟ್ಟದ್ದು ಈ ಮಾತಿನ ಬಲದಿಂದಲೇ. ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಬುಡಕಟ್ಟಿನ ಬಂಧುಗಳ ನಡುವೆ ಸೇವೆ ಮಾಡುವ ಗುರುವಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹೇಗೆ ಸಾಗುತ್ತದೆ, ಗ್ರಾಮಸಭೆಯ ಠರಾವು ಏಕೆ ಬೇಕು ಎಂಬುದು ಗೊತ್ತಿದ್ದರೆ ಆ ಊರಿಗೆ ದೊಡ್ಡ ಆಸರೆ.

ಎರಡನೆಯ ವಂದನೆ, ಕಣ್ಣಿಗೆ ಕಾಣದ ಖರ್ಚನ್ನು ಹೊತ್ತವರಿಗೆ. ಅಧ್ಯಯನ ಎಂದೊಡನೆ ಜನ ಕಾಲೇಜು ಶುಲ್ಕ ಎಂದುಕೊಳ್ಳುತ್ತಾರೆ. ಶುಲ್ಕದ ಜೊತೆಗೆ ವಸತಿ, ಊಟ, ಪುಸ್ತಕ, ಆರೋಗ್ಯ ವಿಮೆ, ವರ್ಷಕ್ಕೆರಡು ಸಲ ಊರಿಗೆ ಬಂದು ಹೋಗುವ ಖರ್ಚು ಇರುತ್ತದೆ. ಇವೆಲ್ಲವನ್ನು ಲೆಕ್ಕ ಹಿಡಿದವರೂ ಮರೆಯುವುದು ಹೋದವರ ಜಾಗದಲ್ಲಿ ನಿಲ್ಲುವ ಬದಲಿ ಗುರುವಿನ ಭತ್ಯೆ, ಓಡಾಟದ ಪೆಟ್ರೋಲು ಮತ್ತು ಅಡುಗೆಯವರ ಸಂಬಳ. ಇದನ್ನು ಹಿಡಿಯದಿದ್ದರೆ ಪಕ್ಕದ ಧರ್ಮಕೇಂದ್ರದ ಗುರು ಎರಡು ಊರಿನ ಭಾರ ಹೊರಬೇಕಾಗುತ್ತದೆ, ಒಬ್ಬರ ವಿರಾಮ ಇನ್ನೊಬ್ಬರ ದಣಿವಾಗುತ್ತದೆ. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ಬದಲಿ ವ್ಯವಸ್ಥೆಯನ್ನೇ ಮೊದಲ ಸಾಲಿಗೆ ಬರೆದೆವು. ಒಟ್ಟು ಮೊತ್ತದ ಮೇಲೆ ಹತ್ತನೇ ಒಂದು ಪಾಲು ಬೆಲೆ ಏರಿಕೆಗೆಂದು ಸೇರಿಸಿದೆವು. ಮೊದಲ ವರ್ಷದ ಪೂರ್ತಿ ಹಣ ಕೈಯಲ್ಲಿ ಇರದೆ ಯಾರನ್ನೂ ಕಳಿಸಲಿಲ್ಲ. ಅರ್ಧಕ್ಕೆ ನಿಂತ ಓದು ಗುರುವಿಗೂ ನೋವು, ಕೊಟ್ಟವರಿಗೂ ನೋವು.

ಬದಲಿಯಾಗಿ ನಿಂತ ಹಿರಿಯ ಗುರುಗಳನ್ನು, ಧರ್ಮೋಪದೇಶಕರನ್ನು, ಸಿಸ್ಟರ್‌ಗಳನ್ನು ಎಷ್ಟು ನೆನೆದರೂ ಸಾಲದು. ನಿವೃತ್ತಿಯ ವಯಸ್ಸಿನಲ್ಲಿ ಮಳೆಗಾಲದ ಘಟ್ಟ ಹತ್ತಿ ಇಳಿದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು, ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು ಈ ಜಿಲ್ಲೆ ಮರೆಯುವಂಥದ್ದಲ್ಲ. ರಸ್ತೆ ಕಡಿದರೆ ಭಾನುವಾರದ ಬಲಿಪೂಜೆಯೂ (ಮಾಸ್) ಇಲ್ಲ, ಸಾವಿನಂಚಿನಲ್ಲಿರುವ ರೋಗಿಗೆ ಪವಿತ್ರ ತೈಲದ ಅಭ್ಯಂಗವೂ ಇಲ್ಲ. ಹೀಗಾಗಿ ಬದಲಿ ಗುರುವನ್ನು ನದಿಯ ಅಥವಾ ಘಟ್ಟದ ಆಚೆಯಿಂದ ಕರೆಸುವ ಯೋಚನೆ ಬಿಟ್ಟು, ಈಚೆ ಬದಿಯಲ್ಲೇ ವಸತಿ ಇರುವವರನ್ನು ಕೇಳಿಕೊಳ್ಳುವುದು ನಿಯಮವಾಯಿತು.

ಹೊರಡುವ ಗುರುವಿನಿಂದ ಬದಲಿ ಗುರುವಿಗೆ ಹಸ್ತಾಂತರದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳಿಗೆ ಮೂರನೆಯ ವಂದನೆ. ಇಲ್ಲಿ ಜಾರಿದರೆ ಪೆಟ್ಟು ದೊಡ್ಡದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ವಿವಾಹ ನಡೆಸಿಕೊಡುವ ಅಧಿಕಾರ ವಿಚಾರಣಾ ಗುರುವಿಗೆ ಹುದ್ದೆಯಿಂದ ಬರುತ್ತದೆ. ಧರ್ಮಾಧ್ಯಕ್ಷರ ಪತ್ರದ ಮೂಲಕ ಆಡಳಿತ ಗುರುವಾಗಿ ನೇಮಕಗೊಂಡವರಿಗೂ ಅದು ಇದೆ. ಭಾನುವಾರದ ಪೂಜೆಗೆ ಮಾತ್ರ ಬಂದು ಹೋಗುವ ಗುರುವಿಗೆ ಅದು ತಾನಾಗಿ ಬರುವುದಿಲ್ಲ. ಸಾಮಾನ್ಯ ಅಧಿಕಾರವನ್ನು ಬರಹದಲ್ಲೇ ಕೊಡಬೇಕು, ಒಂದೇ ಮದುವೆಗಾದರೆ ಆ ಮದುವೆಯನ್ನು ನಿರ್ದಿಷ್ಟವಾಗಿ ಹೆಸರಿಸಿ ಕೊಡಬೇಕು. 1111ನೇ ವಿಧಿ ಇದನ್ನು ಹೇಳುತ್ತದೆ. ಈ ಕಾಗದ ತಪ್ಪಿದರೆ ಮದುವೆಯ ಸಿಂಧುತ್ವಕ್ಕೇ ಧಕ್ಕೆ. ಮದುವೆ ಹೆಚ್ಚಾಗಿ ನಡೆಯುವ ಡಿಸೆಂಬರ್ ಕೊನೆ, ಜನವರಿ, ಏಪ್ರಿಲ್, ಮೇ ತಿಂಗಳುಗಳಿಗೆ ಮೊದಲೇ ಇಂಥ ಪತ್ರಗಳ ಪ್ರತಿ ದಫ್ತರದಲ್ಲಿ ಇರುವಂತೆ ನೋಡಿಕೊಂಡಿರಿ.

ಶಾಲೆಯ ವಿಷಯ ಇದಕ್ಕಿಂತ ತೊಡಕಿನದು. ನಮ್ಮ ಎಷ್ಟೋ ಗುರುಗಳು ಶಾಲಾ ಸಂಚಾಲಕರೂ ಹೌದು. ಅವರ ಸಹಿ ಇಲ್ಲದೆ ಸಂಬಳದ ಬಿಲ್ಲು ಮುಂದೆ ಹೋಗುವುದಿಲ್ಲ. ಬದಲಿ ಸಹಿದಾರರ ಬಗ್ಗೆ ಆಡಳಿತ ಮಂಡಳಿಯ ಠರಾವು, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಪತ್ರ, ಬ್ಯಾಂಕಿನಲ್ಲಿ ಕೆವೈಸಿ ಮತ್ತು ಮಾದರಿ ಸಹಿ, ಈ ಎಲ್ಲಕ್ಕೂ ಸಮಯ ಹಿಡಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ಕಾಗದ ಯಾವ ಕಚೇರಿಗೆ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಗುರು ಹೊರಡುವ ಮೂರು ತಿಂಗಳ ಮೊದಲು ಇದನ್ನು ಶುರು ಮಾಡಿದಲ್ಲಿ ಶಿಕ್ಷಕರ ಸಂಬಳ ಒಂದು ದಿನವೂ ತಡವಾಗಲಿಲ್ಲ. ದೀಕ್ಷಾಸ್ನಾನ, ವಿವಾಹ, ಮರಣದ ದಾಖಲೆ ಪುಸ್ತಕಗಳು, ಒಪ್ಪಿಕೊಂಡ ಪೂಜೆಗಳ ಪಟ್ಟಿ, ಮನೆಯಲ್ಲೇ ಪರಮಪ್ರಸಾದ ಪಡೆಯುವ ರೋಗಿಗಳ ಹೆಸರು, ಬೀಗದ ಕೈ, ಇವನ್ನೆಲ್ಲ ಇಬ್ಬರೂ ಗುರುಗಳು ಒಟ್ಟಿಗೆ ಕೂತು ಸಹಿ ಹಾಕಿ ಒಪ್ಪಿಸಿಕೊಂಡರು.

ಹಣ ಬಂದ ದಾರಿಯ ಬಗ್ಗೆ ಹೇಳದಿದ್ದರೆ ಮೀನುಗಾರ ಕುಟುಂಬಗಳಿಗೆ ಅನ್ಯಾಯವಾದೀತು. ಇಲ್ಲಿನ ಕಾಲೇಜುಗಳು ಶುಲ್ಕ ಕೇಳುವುದು ಜೂನ್‌ನಲ್ಲಿ. ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31ರವರೆಗೆ. ಕರಾವಳಿಯ ಕೈ ಬರಿದಾಗಿರುವ ಹೊತ್ತಿಗೇ ಶುಲ್ಕದ ಚೀಟಿ ಬರುತ್ತದೆ. ಆ ಎರಡು ತಿಂಗಳು ಯಾರ ಮನೆಗೂ ಡಬ್ಬಿ ಒಯ್ಯಬಾರದು ಎಂದು ನಿಶ್ಚಯಿಸಿ, ಸೆಪ್ಟೆಂಬರ್‌ನಿಂದ ಮೇವರೆಗೆ ಸ್ವಲ್ಪಸ್ವಲ್ಪವೇ ಕೂಡಿಸಿದೆವು. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊಯ್ಲಿನ ಕೂಲಿ ಕೈಗೆ ಬರುವ ಕಾಲ ಬೇರೆ. ಅಲ್ಲಿ ಅದಕ್ಕೆ ತಕ್ಕ ತಿಂಗಳು. ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವ ತಾಯಂದಿರು ವಾರಕ್ಕಿಷ್ಟು ಎಂದು ಕೊಟ್ಟದ್ದು ಒಟ್ಟಾದಾಗ ದೊಡ್ಡ ಮೊತ್ತವಾಯಿತು. ಒಂದೇ ಸಲ ದೊಡ್ಡದಾಗಿ ಕೊಟ್ಟ ದಾನಿಗಳಿಗೆ ಎಷ್ಟು ಗೌರವವೋ ಈ ತಾಯಂದಿರಿಗೂ ಅಷ್ಟೇ ಗೌರವ.

ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮವರು ಕಳಿಸಿದ ಹಣದ ಬಗ್ಗೆ ಹಲವರಿಗೆ ಅಳುಕಿತ್ತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ದುಡಿಮೆಯಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯ ಪ್ರಕಾರ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಸರಿ, ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಅದನ್ನು ಆ ನೋಂದಣಿ ಇರುವ ಸಂಸ್ಥೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಗೊತ್ತಾದ ಖಾತೆಯಲ್ಲೇ ಪಡೆಯಬೇಕು. ನಮ್ಮ ನಿಧಿಗೆ ಆ ನೋಂದಣಿ ಇಲ್ಲದ್ದರಿಂದ ಅಂಥ ಹಣವನ್ನು ವಿನಯದಿಂದ ಹಿಂದಿರುಗಿಸಿದೆವು. ಬೇಸರಿಸದ ಆ ಬಂಧುಗಳಿಗೆ ವಂದನೆ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಸೀದಿ ಕೇಳಿದವರಿಗೂ ನಿಜವನ್ನೇ ಹೇಳಿದೆವು: ಧರ್ಮಗುರುವಿನ ದೈವಶಾಸ್ತ್ರದ ಓದು ಧಾರ್ಮಿಕ ಉದ್ದೇಶ, ಆ ರಿಯಾಯಿತಿ ಇರುವುದು ಧರ್ಮಾರ್ಥ ಸೇವೆಗೆ, ಅಂದರೆ ಬಡವರ ನೆರವಿನಂಥ ಜನಸೇವೆಗೆ. ರಿಯಾಯಿತಿ ಇಲ್ಲವೆಂದು ತಿಳಿದೂ ನೀವು ಕೊಟ್ಟಿರಿ.

ಗುರುಗಳು ತಾವೂ ಕೊಟ್ಟಿದ್ದಾರೆ. ಒಂದೇ ದಿನ ಎರಡು ಮೂರು ಬಲಿಪೂಜೆ ಅರ್ಪಿಸಿದರೂ 951ನೇ ವಿಧಿಯಂತೆ ಗುರು ಇಟ್ಟುಕೊಳ್ಳಬಹುದಾದದ್ದು ಒಂದೇ ಪೂಜೆಯ ಕಾಣಿಕೆ; ಕ್ರಿಸ್ಮಸ್ ದಿನ ಮಾತ್ರ ಇದಕ್ಕೆ ಹೊರತು. ಉಳಿದದ್ದು ಮೇಲಿನವರು ಗೊತ್ತುಪಡಿಸಿದ ಉದ್ದೇಶಕ್ಕೆ ಸಲ್ಲಬೇಕು. ಆ ಹಣವನ್ನು ನಾವು ಕೇಳಲಿಲ್ಲ, ಅದರ ದಾರಿ ಬೇರೆಯೇ ಇದೆ. ಗುರುಗಳು ತಮ್ಮ ಪಾಲಿಗೆ ಉಳಿದ ಅಲ್ಪದರಲ್ಲೇ ನಿಧಿಗೆ ತೆಗೆದಿಟ್ಟರು, ಹೆಸರು ಬರೆಯಬೇಡಿ ಎಂದರು.

ಓದಿನ ಆಯ್ಕೆಯಲ್ಲಿ ಸಲಹೆ ಕೊಟ್ಟ ಪ್ರಾಧ್ಯಾಪಕ ಗುರುಗಳಿಗೂ ಕೃತಜ್ಞತೆ. ದೈವಶಾಸ್ತ್ರದ ಲೈಸೆನ್ಶಿಯೇಟ್ (ಸ್ನಾತಕೋತ್ತರ ಮಟ್ಟದ ಪದವಿ) ಸಾಮಾನ್ಯವಾಗಿ ಎರಡು ವರ್ಷ. ಧರ್ಮಸಭೆಯ ಕಾನೂನಿನದು 2002ರ ತಿದ್ದುಪಡಿಯ ನಂತರ ಮೂರು ವರ್ಷ. ಬೈಬಲ್ ಅಧ್ಯಯನಕ್ಕೆ ಹೀಬ್ರೂ, ಗ್ರೀಕ್ ತಯಾರಿಯ ಕಾಲವನ್ನು ಬೇರೆ ಸೇರಿಸಬೇಕು. ರೋಮಿನ ವರ್ಷ ಅಕ್ಟೋಬರ್‌ನಲ್ಲಿ ಶುರು, ಅದಕ್ಕೆ ಮೊದಲು ಇಟಾಲಿಯನ್ ಕಲಿಯಬೇಕು. ಇಷ್ಟನ್ನು ತಿಳಿದ ಮೇಲೆ, ಯಾವ ಓದು ಎಲ್ಲಿ ಸಿಗುತ್ತದೋ ನೋಡಿ, ಬೆಂಗಳೂರಿನ ಧರ್ಮಾರಾಮ್ ವಿದ್ಯಾಕ್ಷೇತ್ರ, ಸಂತ ಪೇತ್ರರ ಪಾಂಟಿಫಿಕಲ್ ಸಂಸ್ಥೆ, ಪುಣೆಯ ಜ್ಞಾನದೀಪದಂಥ ಕಡೆಯೇ ಮೊದಲು ವಿಚಾರಿಸುವುದು ಸರಿಯೆನಿಸಿತು. ಕಾರವಾರದಿಂದ ಸಂಜೆ ಪಂಚಗಂಗಾ ರೈಲು ಹತ್ತಿದರೆ ಮರುದಿನ ಬೆಳಗ್ಗೆ ಬೆಂಗಳೂರು. ತಂದೆತಾಯಿಗೆ ಹುಷಾರಿಲ್ಲವೆಂದರೆ ಗುರು ಮರುದಿನ ಊರಿಗೆ ಬರಬಹುದು. ಕಿರು ತರಬೇತಿಗೆ ಬೆಂಗಳೂರಿನಲ್ಲೇ 1967ರಲ್ಲಿ ಆರಂಭವಾದ ಎನ್‌ಬಿಸಿಎಲ್‌ಸಿ, ಅಂದರೆ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿಯ ರಾಷ್ಟ್ರೀಯ ಕೇಂದ್ರವಿದೆ. ಶುಲ್ಕವನ್ನು ಯಾವಾಗಲೂ ಸಂಸ್ಥೆಯ ಖಾತೆಗೇ ಕಳಿಸಿದೆವು, ಗುರುವಿನ ವೈಯಕ್ತಿಕ ಖಾತೆಗೆ ಹಾಕಲಿಲ್ಲ. ಇದು ಗುರುಗಳ ಮೇಲಿನ ಸಂಶಯದಿಂದಲ್ಲ, ಅವರ ಹೆಸರಿಗೆ ಯಾವತ್ತೂ ಮಾತು ಬರಬಾರದು ಎಂಬ ಕಾಳಜಿಯಿಂದ.

ದೀರ್ಘ ವಿರಾಮಕ್ಕೆ ಹೋದವರ ವಿಷಯದಲ್ಲಿ ನೀವು ತೋರಿದ ಸಂಯಮ ನಮ್ಮ ಮನಸ್ಸು ತುಂಬಿಸಿದೆ. ವಿರಾಮ ಹಾಳಾಗುವುದು ಎರಡು ಕಾರಣಕ್ಕೆ. ಒಂದು, ಅದಕ್ಕೆ ಪ್ರಬಂಧ, ಪರೀಕ್ಷೆಗಳ ಹೊರೆ ಹೇರುವುದು. ಇನ್ನೊಂದು, ಊರಿನ ಫೋನು. ಜಾಗದ ತಕರಾರು, ಮಗನ ಶಾಲೆ ಸೀಟು, ಮನೆಯ ಜಗಳ ಎಂದು ದಿನಕ್ಕೆ ನಾಲ್ಕು ಕರೆ ಬಂದರೆ ಗುರು ಎಲ್ಲಿದ್ದರೂ ಇಲ್ಲಿಯೇ ಇದ್ದಂತೆ. ಕರೆಗಳೆಲ್ಲ ಬದಲಿ ಗುರುವಿಗೆ ಎಂಬ ಮಾತನ್ನು ಕಿರು ಕ್ರೈಸ್ತ ಸಮುದಾಯಗಳ (ನೆರೆಹೊರೆಯ ಕುಟುಂಬಗಳ ಗುಂಪುಗಳ) ಮುಖಂಡರು ಮನೆಮನೆಗೆ ಮುಟ್ಟಿಸಿದರು, ನೀವು ಪಾಲಿಸಿದಿರಿ. ಹಿಂದಿರುಗುವ ದಿನವನ್ನು ಕ್ರಿಸ್ಮಸ್ಸಿಗೂ ಪವಿತ್ರ ವಾರಕ್ಕೂ ತಾಗಿಸದೆ ಇಟ್ಟೆವು. ಬಂದ ಕೂಡಲೇ ನಿದ್ದೆಗೆಟ್ಟು ಪಾಪನಿವೇದನೆ ಕೇಳಲು ಕೂತರೆ ಪಡೆದ ಚೇತನ ವಾರದಲ್ಲೇ ಕರಗುತ್ತದೆ.

ಎಲ್ಲ ಖರ್ಚು ಕಳೆದು ನಿಧಿಯಲ್ಲಿ ಉಳಿದದ್ದನ್ನು ಮುಂದಿನ ಸುತ್ತಿನ ಬದಲಿ ಗುರುಗಳ ಭತ್ಯೆಗೆಂದೇ ಠೇವಣಿ ಇಡಲಾಗಿದೆ. ಓದಿ ಬಂದ ಗುರುಗಳು ತಾವು ಕಲಿತದ್ದನ್ನು ನಿಧಿಗೆ ಸೇರಿದ ಪ್ರತಿ ಧರ್ಮಕೇಂದ್ರದಲ್ಲೂ ಒಂದೊಂದು ದಿನ, ಕನ್ನಡದಲ್ಲೋ ಕೊಂಕಣಿಯಲ್ಲೋ ಊರಿಗೆ ಹೊಂದುವಂತೆ, ಹಂಚಿಕೊಳ್ಳಲಿದ್ದಾರೆ. ದಿನಾಂಕಗಳನ್ನು ಭಾನುವಾರದ ಪೂಜೆಯ ಕೊನೆಗೆ ತಿಳಿಸುತ್ತೇವೆ. ಮುಂದಿನ ಸಂಗ್ರಹ ಸೆಪ್ಟೆಂಬರ್‌ನಲ್ಲಿ, ದೋಣಿಗಳು ಕಡಲಿಗಿಳಿದು ಒಂದು ತಿಂಗಳಾದ ಮೇಲೆ.

ನಿಮ್ಮ,
ಅಧ್ಯಯನ ನಿಧಿಯ ಸಮಿತಿಯವರು