ಕರಾರಿಗೆ ಸಹಿ ಹಾಕುವ ಮುನ್ನ

ಕಲಬುರಗಿ

ಚಿರಂಜೀವಿ ಸೋದರಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಈ ಕಡೆ ಎಲ್ಲರೂ ಕ್ಷೇಮ. ಕ್ರೀಡಾ ಕೋಟಾದಡಿ ಸಿಗಲಿರುವ ನೌಕರಿಯನ್ನು ಬಿಟ್ಟು, ವೃತ್ತಿಪರ ಬಾಕ್ಸಿಂಗಿನ ಕರಾರಿಗೆ ಸಹಿ ಹಾಕಲು ನೀನು ಸಿದ್ಧನಾಗಿರುವೆ ಎಂದು ಅಕ್ಕ ಫೋನಿನಲ್ಲಿ ತಿಳಿಸಿದ ಮೇಲೆ, ಎರಡು ದಿನ ಯೋಚಿಸಿ ಈ ಪತ್ರ ಬರೆಯುತ್ತಿದ್ದೇನೆ. ನಿನ್ನ ಆಸೆಗೆ ಅಡ್ಡ ಬರುವ ಉದ್ದೇಶ ನನ್ನದಲ್ಲ. ನಸುಕಿನಲ್ಲಿ ನಿನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಕರೆದೊಯ್ದವನೇ ನಾನು.

ಈಗ ನೀನು ಆಡುವುದು ಮೂರು ನಿಮಿಷದ ಮೂರು ಸುತ್ತು. ವೃತ್ತಿಪರ ಬಾಕ್ಸಿಂಗಿನಲ್ಲಿ ನಾಲ್ಕು ಸುತ್ತಿನಿಂದ ಆರಂಭವಾಗಿ ದೊಡ್ಡ ಪಟ್ಟದ ಪಂದ್ಯಗಳು ಹನ್ನೆರಡರವರೆಗೆ ಹೋಗುತ್ತವೆ. ನಿನ್ನ 71 ಕಿಲೋ ತೂಕದವರು ಅಲ್ಲಿ 12 ಔನ್ಸಿನ ಬದಲು ಮೆತ್ತೆ ಕಡಿಮೆಯಿರುವ 10 ಔನ್ಸಿನ ಗ್ಲೌಸ್ ತೊಡುತ್ತಾರೆ. ಹಿಂದೆ ಹದಿನೈದು ಸುತ್ತುಗಳಿದ್ದವು. 1982ರ ನವೆಂಬರಿನಲ್ಲಿ ಲಾಸ್ ವೇಗಾಸ್‌ನಲ್ಲಿ ರೇ ಮಾನ್ಸಿನಿಯ ಎದುರು 14ನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಡುಕ್ ಕೂ ಕಿಮ್ ಕೆಲವೇ ದಿನಗಳಲ್ಲಿ ತೀರಿಕೊಂಡ ಮೇಲೆ ಅವನ್ನು ಹನ್ನೆರಡಕ್ಕೆ ಇಳಿಸಲಾಯಿತು.

ಕಳೆದ ರಾಜ್ಯಮಟ್ಟದ ಪಂದ್ಯ ಗೆದ್ದು ನೀನು ಕೆಳಗಿಳಿದಾಗ ನಿನ್ನ ಬಲಗೈಯ ಪಟ್ಟಿ ಬಿಚ್ಚುತ್ತಿದ್ದವನು ನಾನು. ಪಟ್ಟಿ ಬೆವರಿಗೆ ತೊಯ್ದು ಬೆರಳ ಸಂದಿಗೆ ಅಂಟಿಕೊಂಡಿತ್ತು. ಎಡಗೈಯಲ್ಲೇ ನೀರಿನ ಬಾಟಲಿ ಹಿಡಿದುಕೊಂಡು ನೀನು "ಮಾವಾ, ನೀರೆಲ್ಲಿ?" ಎಂದು ಎರಡು ಸಲ ಕೇಳಿದೆ. ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ. ಅಂದೇ ವೈದ್ಯರಿಗೆ ತೋರಿಸದೆ ಹೋದದ್ದು ನನ್ನ ತಪ್ಪು. ಮೂರು ಸುತ್ತಿಗೇ ಹೀಗಾದರೆ ಹತ್ತು ಸುತ್ತಿಗೆ ಏನು ಗತಿ ಎಂಬ ಚಿಂತೆ ಅಂದಿನಿಂದ ನನ್ನನ್ನು ಕೊರೆಯುತ್ತಿದೆ.

ನೀನು ಮಾತೆತ್ತಿದರೆ ವಿಜೇಂದರ್ ಸಿಂಗ್ ಅವರ ಹೆಸರು ಹೇಳುತ್ತೀ. ಅವರು ಮೂರು ಒಲಿಂಪಿಕ್ಸ್ ಆಡಿ, 2008ರಲ್ಲಿ ಬೀಜಿಂಗಿನಲ್ಲಿ ಕಂಚು ಗೆದ್ದು, 2015ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ವೃತ್ತಿಪರ ಪಂದ್ಯಕ್ಕೆ ಇಳಿದಾಗ ಮೂವತ್ತರ ಹೊಸ್ತಿಲಲ್ಲಿದ್ದರು. ಮರುವರ್ಷ ದೆಹಲಿಯಲ್ಲಿ ಕೆರಿ ಹೋಪ್ ಎದುರು ಹತ್ತೂ ಸುತ್ತು ನಿಂತು ಏಷ್ಯಾ ಪೆಸಿಫಿಕ್ ಪಟ್ಟ ಗೆದ್ದದ್ದು ಆ ಹಳೆಯ ಬುನಾದಿಯ ಬಲದಿಂದ. ಅವರ ಹೆಸರಿಗೇ ಟಿಕೆಟ್ ಕೊಳ್ಳುವ ಜನರಿದ್ದರು. ಹೆಸರಿಲ್ಲದ ಹುಡುಗನನ್ನಾದರೋ ಇನ್ನೊಬ್ಬನ ಗೆಲುವಿನ ಲೆಕ್ಕ ಹೆಚ್ಚಿಸಲು, ಸರಿಯಾದ ತಯಾರಿಗೂ ಸಮಯ ಕೊಡದೆ, ಕಡಿಮೆ ಹಣಕ್ಕೆ ಕರೆಸುವ ರೂಢಿ ಆ ವೃತ್ತಿಯಲ್ಲಿ ಹಿಂದಿನಿಂದಲೂ ಇದೆ.

ಆದ್ದರಿಂದ ನೀನು ನೌಕರಿಗೆ ಸೇರಿ, ಇನ್ನೆರಡು ವರ್ಷ ರಾಷ್ಟ್ರಮಟ್ಟದಲ್ಲಿ ಆಡಬೇಕೆಂಬುದು ನನ್ನ ಅಭಿಪ್ರಾಯ. ಕರಾರು ಎಷ್ಟು ವರ್ಷದ್ದು, ಎದುರಾಳಿಯನ್ನು ಆರಿಸುವವರು ಯಾರು, ತಲೆಯ ಸ್ಕ್ಯಾನಿನ ಮತ್ತು ಆಸ್ಪತ್ರೆಯ ಖರ್ಚು ಯಾರದು, ಸಿಕ್ಕ ಹಣದಲ್ಲಿ ಮ್ಯಾನೇಜರನಿಗೆ ಎಷ್ಟು ಹೋಗುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ನಂಬದೆ ಬರಹದಲ್ಲಿ ಕೇಳು. ಆ ಕಾಗದದ ಪ್ರತಿಯನ್ನು ನನಗೆ ಕಳುಹಿಸಿದರೆ ಇಲ್ಲಿಯ ವಕೀಲರಿಂದ ಓದಿಸುತ್ತೇನೆ. ತೊಗರಿ ರಾಶಿಗೆ ಹೇಗೂ ಊರಿಗೆ ಬರುತ್ತೀ. ಅಲ್ಲಿಯವರೆಗೆ ಸಹಿ ಹಾಕಬೇಡ. ಬಂದ ಮರುದಿನವೇ ಇಬ್ಬರೂ ನರರೋಗ ತಜ್ಞರ ಬಳಿ ಹೋಗೋಣ.

ಇತಿ,
ನಿನ್ನ ಸೋದರಮಾವ